ಕೊಡೆ ಹಿಡಿದ ಮೇಕೆ

ಜೂನ್ 9

ಬಾತುಕೋಳಿಗಳ ಸಿನಿಮಾಕ್ಕೆ ಚಿತ್ರ ಬರೆದವರಿಗೆ ನಮಸ್ಕಾರಗಳು.

ನಾನು ಸಿನಿಮಾ ಮಂದಿರವೊಂದರಲ್ಲಿ ಗುಡಿಸುವ ಕೆಲಸ ಮಾಡುತ್ತೇನೆ. ಎರಡನೆಯ ಹಾಲ್ ನನ್ನದು. ಐದನೆಯ ತರಗತಿಯವರೆಗೆ ಮಾತ್ರ ಓದಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಫೋನ್ ಮಾಡಿ ಕೇಳಬಹುದಿತ್ತು, ಆದರೆ ಗುರುತಿಲ್ಲದವರ ಹತ್ತಿರ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ.

ಪ್ರತಿ ಆಟದ ಕೊನೆಯ ಇಪ್ಪತ್ತು ನಿಮಿಷ ನಾನು ಪೊರಕೆ, ಕಸದ ಚೀಲ ಹಿಡಿದು ಹಿಂಬಾಗಿಲ ಬಳಿ ನಿಂತಿರಬೇಕು. ಪರದೆಯ ಮೇಲೆ ಹೆಸರುಗಳು ಏರತೊಡಗಿದ ಕೂಡಲೇ ಒಳಗಿಳಿಯಬೇಕು. ಹೀಗಾಗಿ ಆರು ವರ್ಷದಲ್ಲಿ ನೂರಾರು ಸಿನಿಮಾಗಳ ಕೊನೆ ನೋಡಿದ್ದೇನೆ. ಒಂದರದೂ ಆರಂಭ ನೋಡಿಲ್ಲ.

ಮಕ್ಕಳ ಸಿನಿಮಾ ಬಂದಾಗ ನಾನು ಪರದೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ನಗುವನ್ನು ಕೇಳುತ್ತೇನೆ. ಮಕ್ಕಳು ಸುಮ್ಮನಿದ್ದು ಅಪ್ಪ ಅಮ್ಮಂದಿರು ಮಾತ್ರ ನಕ್ಕರೆ, ಅಲ್ಲೊಂದು ಹಳೆಯ ಸಿನಿಮಾವೋ ಹಳೆಯ ಧಾರಾವಾಹಿಯೋ ಅಡಗಿ ಕೂತಿದೆ ಎಂದು ಅರ್ಥ. ಯಾವುದೆಂದು ತಿಳಿಯದಿದ್ದರೆ ಬಾಗಿಲಲ್ಲಿ ಟಿಕೆಟ್ ಹರಿಯುವ ಮಾಮನನ್ನು ಕೇಳುತ್ತೇನೆ. ನಿಮ್ಮ ಸಿನಿಮಾದ ಗೂಬೆ ನ್ಯಾಯಾಧೀಶರು ಚಹಾವನ್ನು ಸಾಸರಿಗೆ ಸುರಿದು, ಊದಿ, ಕುಡಿದು ಆಮೇಲೆ ತೀರ್ಪು ಹೇಳುತ್ತಾರಲ್ಲ, ಅದನ್ನು ಕೇಳಿದೆ. "ಅದಾ? ನಮ್ಮ ಕಾಲದ ಕೋರ್ಟಿನ ಧಾರಾವಾಹಿ. ಆ ಚಹಾ ಆರೋವರೆಗೂ ನಮ್ಮನೇಲಿ ಯಾರೂ ಉಸಿರಾಡ್ತಿರಲಿಲ್ಲ. ನಿಂಗೆಲ್ಲಿ ಗೊತ್ತಾಗಬೇಕು, ನಿನ್ನೆ ಮೊನ್ನೆ ಹುಟ್ಟಿದೋಳು" ಎಂದರು. ಹುಂಜ ಕನ್ನಡಿಯ ಮುಂದೆ ನಿಂತು ಇಲ್ಲದ ಮೀಸೆಯನ್ನು ಮೂರು ಸಲ ತಿರುವುವುದು ಕಪ್ಪು ಬಿಳುಪು ಸಿನಿಮಾದ ಕಳ್ಳನದಂತೆ.

ಆದರೆ ಆಮೆ ಸ್ಟೇಷನ್ ಮಾಸ್ತರನ ಬಗ್ಗೆ ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಬಾತುಕೋಳಿಗಳು ಗಂಟುಮೂಟೆ ಸಮೇತ ರೈಲು ಹತ್ತಿದ ಮೇಲೆ ಆಮೆ ಟೋಪಿ ಎತ್ತಿ, "ನಿಧಾನವಾಗಿ ಬನ್ನಿ, ಗಾಡಿ ಕಾಯುತ್ತೆ" ಅನ್ನುತ್ತಾನೆ. ದೊಡ್ಡವರೆಲ್ಲ ಒಟ್ಟಿಗೆ ನಗುತ್ತಾರೆ. ಆ ಧಾರಾವಾಹಿ ಯಾರಿಗೆ ಗೊತ್ತಿಲ್ಲ? ಅಷ್ಟರಲ್ಲಿ ಚಿತ್ರ ಬಲಕ್ಕೆ ಸರಿಯುತ್ತದೆ. ಅಲ್ಲಿ ಕೊಡೆ ಹಿಡಿದ ಮೇಕೆಯೊಂದು ನಿಂತಿದೆ. ಕರೆಂಟು ಹೋದಂತೆ ನಗು ನಿಂತುಬಿಡುತ್ತದೆ. "ಇದ್ಯಾವ ಮೇಕೆ?" ಎಂದು ಪಕ್ಕದವರನ್ನು ಕೇಳುವವರಿದ್ದಾರೆ. ಮೊದಲ ದಿನ ಮೇಕೆಯನ್ನು ನೋಡಿ ನಕ್ಕವಳು ಇಡೀ ಹಾಲಿನಲ್ಲಿ ನಾನೊಬ್ಬಳೇ. ಕೈಯಲ್ಲಿದ್ದ ಪೊರಕೆ ಬಿತ್ತು. ಆಮೇಲೆ ಕುರ್ಚಿಗಳ ಸಾಲು ಗುಡಿಸುವಾಗ ಕಣ್ಣು ಸರಿಯಾಗಿ ಕಾಣಲಿಲ್ಲ.

ನನಗೆ ಬೇಕಾದದ್ದು ಇಷ್ಟೇ. ಆ ಮೇಕೆಯನ್ನು ಬರೆದವರು ಎಡಗೈಯವರೇ? ಹೆಸರು ಬೇಡ. ಹೌದು ಅಥವಾ ಇಲ್ಲ ಎಂದರೆ ಸಾಕು.

ಇಂತಿ,
ಎರಡನೆಯ ಹಾಲ್ ಗುಡಿಸುವವಳು


ಜೂನ್ 27

ಮಾನ್ಯ ಪ್ರೇಕ್ಷಕರೇ,

ನಮ್ಮ ಸಿನಿಮಾವನ್ನು ಮೆಚ್ಚಿದ್ದಕ್ಕೆ ವಂದನೆಗಳು. ಅದರಲ್ಲಿ ಅಡಗಿರುವ ಹಳೆಯ ಸಿನಿಮಾ ಮತ್ತು ಧಾರಾವಾಹಿಗಳ ಹನ್ನೆರಡು ದೃಶ್ಯಗಳ ಪಟ್ಟಿಯನ್ನು, ಮೂಲದಲ್ಲಿ ಏನಿತ್ತು ಎಂಬ ವಿವರದೊಂದಿಗೆ ಲಗತ್ತಿಸಿದ್ದೇವೆ. ಹನ್ನೆರಡನ್ನೂ ಗುರುತಿಸಿದ ಮಕ್ಕಳಿಗೆ ಬಾತುಕೋಳಿ ಬೊಂಬೆಯ ಕೀಲಿಗೊಂಚಲು ಕಳಿಸಲಾಗುವುದು.

ಇಂತಿ ವಿಶ್ವಾಸಿ,
ಪತ್ರ ವಿಭಾಗ

ಮೇಲಿನದು ಎಲ್ಲರಿಗೂ ಕಳಿಸುವ ಅಚ್ಚಿನ ಕಾಗದ. ಇದು ನನ್ನ ಕೈಬರಹ. ಮೇಕೆಯ ಬಗ್ಗೆ ಇದುವರೆಗೆ ನಲವತ್ತೊಂದು ಕಾಗದ ಬಂದಿವೆ. ಉಳಿದವರೆಲ್ಲ ಆಮೆಯ ದೃಶ್ಯ, ಪಟ್ಟಿಯಲ್ಲಿ ಏಳನೆಯದು, ತಪ್ಪು, ಅಲ್ಲಿ ಮೇಕೆ ಇರಲಿಲ್ಲ ಎಂದೇ ಬರೆದಿದ್ದಾರೆ. ಎಡಗೈಯಾ ಎಂದು ಕೇಳಿದವರು ನೀವೊಬ್ಬರೇ. ಹೌದು, ಎಡಗೈ.


ಜುಲೈ 3

ಪತ್ರ ವಿಭಾಗದ ಅಕ್ಕನಿಗೆ ನಮಸ್ಕಾರಗಳು.

ಪರಿಚಯವಿಲ್ಲದೆ, ಅಕ್ಷರ ನೋಡಿಯೇ ಅಕ್ಕ ಎಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕೈಬರಹದ ಎರಡು ಪದ ಓದಿ ನಾನು ಸಾಮಾನಿನ ಕೋಣೆಯಲ್ಲಿ ಬಕೆಟ್ಟಿನ ಮೇಲೆ ಕೂತುಬಿಟ್ಟೆ. ಬಕೆಟ್ಟಿನಲ್ಲಿ ನೀರಿತ್ತು.

ಆ ಮೇಕೆಯನ್ನು ಬರೆದವನು ನನ್ನ ಅಣ್ಣ. ಅವನೂ ಎಡಗೈಯಲ್ಲೇ ಬರೆಯುತ್ತಿದ್ದ. ಅವನನ್ನು ನೋಡಿ ಹದಿನೈದು ವರ್ಷವಾಯಿತು. ಹೇಗೆ ಅಷ್ಟು ಖಚಿತ ಎನ್ನುತ್ತೀರೇನೋ.

ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಎದುರು ಮನೆಯವರ ಕಿಟಕಿಯ ಸರಳು ಹಿಡಿದು ನಾವಿಬ್ಬರೂ ಸ್ಟೇಷನ್ ಮಾಸ್ತರನ ಧಾರಾವಾಹಿ ನೋಡುತ್ತಿದ್ದೆವು. ಅವರ ಟಿವಿಯ ಮುಂದಕ್ಕೆ ಒಂದು ಕಪಾಟು ಚಾಚಿಕೊಂಡಿತ್ತು. ಕಿಟಕಿಯಿಂದ ಪರದೆಯ ಎಡಗಡೆಯ ಅರ್ಧ ಮಾತ್ರ ಕಾಣುತ್ತಿತ್ತು. ಪ್ರತಿ ಕಂತಿನ ಕೊನೆಯಲ್ಲಿ ಮಾಸ್ತರ ಬಲಕ್ಕೆ ತಿರುಗಿ, ಟೋಪಿ ಎತ್ತಿ ಆ ಮಾತು ಹೇಳುತ್ತಿದ್ದ. ಯಾರಿಗೆ ಹೇಳುತ್ತಿದ್ದ ಎಂಬುದು ಕಪಾಟಿನ ಹಿಂದೆ. ಟಕ್ ಟಕ್ ಎಂದು ನಡೆದು ಬರುವ ಸದ್ದು ಮಾತ್ರ ಕೇಳುತ್ತಿತ್ತು. "ಮೇಕೆ ಕಣೇ. ಗೊರಸಿನ ಸದ್ದು ಕೇಳಲ್ವಾ?" ಎಂದ ಅಣ್ಣ. "ಮಳೆ ಬಂದರೆ ನೆನೆಯಲ್ವಾ?" ಎಂದೆ ನಾನು. ಅವನು ಸ್ವಲ್ಪ ಯೋಚಿಸಿ, "ಕೊಡೆ ಇದೆ" ಎಂದ. ಅಂದಿನಿಂದ ಅದು ಮೇಕೆಯೇ. ಶಾಲೆಯಲ್ಲಿ ಬೇರೆ ಮಕ್ಕಳು ನಿಜ ಹೇಳಲು ಬಂದರೆ ಇಬ್ಬರೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆವು.

ನಾನು ಈಗಲೂ ಹಾಗೇ. ಟಿಕೆಟ್ ಮಾಮ ಹೇಳಲು ಬಾಯಿ ತೆರೆದರೆ ನಲ್ಲಿ ಜೋರಾಗಿ ತಿರುಗಿಸುತ್ತೇನೆ. ನೀವು ಕಳಿಸಿದ ಪಟ್ಟಿಯಲ್ಲಿ ಏಳನೆಯ ಸಾಲು ಬರುತ್ತಿದ್ದಂತೆ ಹೆಬ್ಬೆರಳು ಅಡ್ಡ ಇಟ್ಟೆ. ಆಮೇಲೆ ಅದರ ಮೇಲೆ ಕಾಗದದ ಚೂರೊಂದನ್ನು ಅಂಟಿಸಿದೆ.

ಈ ಕಾಗದವನ್ನು ಅವನಿಗೆ ತೋರಿಸುತ್ತೀರಾ? ಅವನು ಮನೆ ಬಿಟ್ಟದ್ದು ಏಕೆಂದು ಕೇಳಬೇಡಿ.

ಇಂತಿ ನಿಮ್ಮ,
ಗುಡಿಸುವ ತಂಗಿ


ಆಗಸ್ಟ್ 2

ತಂಗೀ,

ಉತ್ತರ ತಡವಾಯಿತು. ಏನು ಬರೆಯಬೇಕೆಂದು ತಿಳಿಯದೆ ತಡವಾಯಿತು.

ಅವನನ್ನು ನಾವಿಲ್ಲಿ ಮೂಲೆಯಣ್ಣ ಎನ್ನುತ್ತೇವೆ. ಹನ್ನೊಂದು ವರ್ಷದಿಂದ ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಬರೆಯುತ್ತಾನೆ, ಅಲ್ಲೇ ಊಟ ಮಾಡುತ್ತಾನೆ. ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಅವನು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಮೇಕೆಯನ್ನು ತೆಗೆ ಎಂದು ನಿರ್ದೇಶಕರು ಮೂರು ಬಾರಿ ಹೇಳಿ ಕಳಿಸಿದರು. ಮೂರನೆಯ ಸಲ ಎದ್ದು ನಿಂತು, "ಮೇಕೆ ಬೇಡ ಅಂದ್ರೆ ಟೋಪಿನೂ ಬೇಡ" ಎಂದ. ಅಷ್ಟು ಮಾತು ಕೇಳಿದ ಗಾಬರಿಗೇ ಅವರು ಒಪ್ಪಿಕೊಂಡರು.

ನಿನ್ನ ಕಾಗದ ಕೊಟ್ಟೆ. ನಿಂತೇ ಓದಿದ. "ನನಗೆ ತಂಗಿ ಇಲ್ಲ" ಎಂದ. ಮತ್ತೆ ಗೋಡೆಗೆ ತಿರುಗಿದ.

ಇಷ್ಟನ್ನೇ ಬರೆದರೆ ಸುಳ್ಳಾಗುತ್ತದೆ. ಕಾಗದವನ್ನು ಅವನು ನನಗೆ ವಾಪಸು ಕೊಡಲಿಲ್ಲ, ಬುಟ್ಟಿಗೂ ಹಾಕಲಿಲ್ಲ. ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ತಂಗಿ ಇಲ್ಲದವನಿಗೆ ಯಾರದೋ ಕಾಗದ ಯಾಕೆ?

ಇನ್ನೊಂದು ಕಾಗದವಿದ್ದರೆ ಕಳಿಸು. ಮೇಜಿನ ಮೇಲೆ ಇಟ್ಟು ಬರುತ್ತೇನೆ.

ನಿನ್ನ,
ಪತ್ರ ವಿಭಾಗದ ಅಕ್ಕ


ಆಗಸ್ಟ್ 10

ಅಣ್ಣಾ,

ನಿನಗೆ ತಂಗಿ ಇಲ್ಲ ಎಂದೆಯಂತೆ. ಸರಿಯಾಗೇ ಹೇಳಿದೆ. ಆ ದಿನ ನಿನಗೆ ತಂಗಿ ಇರಲಿಲ್ಲ.

ಅವತ್ತು ಕೊನೆಯ ಕಂತು. ಎದುರು ಮನೆಯವರು ಟಿವಿ ಹಚ್ಚಿಟ್ಟು ಯಾರನ್ನೋ ಕಳಿಸಿಕೊಡಲು ಬೀದಿಯ ತುದಿಗೆ ಹೋಗಿದ್ದರು. ಹಿಂಬಾಗಿಲು ತೆರೆದಿತ್ತು. "ಇವತ್ತು ಬಿಟ್ಟರೆ ನಾವೇ ನೋಡೋಕೆ ಇನ್ನು ಯಾವತ್ತೂ ಆಗಲ್ಲ. ಒಳಗೆ ಹೋಗಿ ಆ ಕಡೆ ಯಾರಿದಾರೆ ನೋಡ್ಕೊಂಡು ಬಾ" ಎಂದವಳು ನಾನು. ನೀನು ಬೇಡ ಎಂದೆ. "ಹೆದರುಪುಕ್ಕಲ" ಎಂದೆ. ನೀನು ಹೋದೆ.

ಅವರು ನಿನ್ನ ಕತ್ತಿನ ಪಟ್ಟಿ ಹಿಡಿದು ಬೀದಿಗೆ ಎಳೆದು ತಂದರು. ವಾರದಿಂದ ಮನೆಯಲ್ಲಿ ಕೈಗಡಿಯಾರ ಕಾಣುತ್ತಿಲ್ಲ ಎಂದರು. ಅಮ್ಮ ಹೊಲಿಗೆ ಬಿಟ್ಟು ಓಡಿ ಬಂದಳು. "ಯಾಕೆ ಹೋದೆ ಹೇಳು" ಎಂದು ಹೊಡೆದಳು. ನೀನು ಬಾಯಿ ಬಿಡಲಿಲ್ಲ. ಒಂದು ಸಲ ತಲೆಯೆತ್ತಿ ನನ್ನ ಕಡೆ ನೋಡಿದೆ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಎಡಗಾಲಿನದರ ಬಾರು ಕಿತ್ತುಹೋಗಿತ್ತು, ಪಿನ್ನು ಹಾಕಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಪಿನ್ನು ಕಾಣುತ್ತದೆ. ಇಡೀ ಬೀದಿಯ ಮುಂದೆ ಅಮ್ಮ, "ಕಳ್ಳ ನನ್ನ ಮಗ ಅಲ್ಲ" ಎಂದಳು. ಬೆಳಗ್ಗೆ ನಿನ್ನ ಹಾಸಿಗೆ ಮಡಚಿಟ್ಟಿತ್ತು.

ನಿನಗೆ ಹದಿನಾಲ್ಕು, ನನಗೆ ಒಂಬತ್ತು. ಚಿಕ್ಕವಳಿದ್ದೆ ಎಂದು ಹೇಳಿಕೊಳ್ಳಬಹುದು. ಆದರೆ ಹತ್ತಾದಾಗಲೂ ಹೇಳಲಿಲ್ಲ, ಇಪ್ಪತ್ತಾದಾಗಲೂ ಹೇಳಲಿಲ್ಲ. ಅಮ್ಮ ಇಂದಿಗೂ ನಿನ್ನನ್ನು ಕಳ್ಳನೆಂದೇ ತಿಳಿದಿದ್ದಾಳೆ. ನಿನ್ನ ವಯಸ್ಸಿನವರ ಅಂಗಿಗೆ ಕಾಜಾ ಹೊಲಿಯುವಾಗ ಒಮ್ಮೊಮ್ಮೆ ತೋಳಿನ ಉದ್ದವನ್ನು ಗೇಣಿನಲ್ಲಿ ಅಳೆದು ನೋಡುತ್ತಾಳೆ. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ ಒಂದೇ ಮಾತಾಡುವುದು.

ಇದನ್ನು ಅಂಚೆಗೆ ಹಾಕಿ ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳುತ್ತೇನೆ.

ನಿನ್ನ ತಂಗಿ ಎಂದು ಬರೆಯಲು ಕೈ ಬರುತ್ತಿಲ್ಲ.


ಸೆಪ್ಟೆಂಬರ್ 21

ಅಣ್ಣಾ,

ನಿನ್ನಿಂದ ಕಾಗದ ಬರಲಿಲ್ಲ. ಕಾಯುತ್ತಿದ್ದೆ ಎಂದು ಬರೆಯುವ ಹಕ್ಕು ನನಗಿಲ್ಲ, ಆದರೂ ಕಾಯುತ್ತಿದ್ದೆ.

ಅವತ್ತೇ ಹೇಳುತ್ತೇನೆ ಎಂದಿದ್ದೆ. ಹೇಳಲು ಐದು ವಾರ ಬೇಕಾಯಿತು. ದಿನಾ ಬಾಗಿಲವರೆಗೆ ಮಾತನ್ನು ತಂದು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದೆ. ಕೊನೆಗೆ ಕಳೆದ ಸೋಮವಾರ ನನ್ನ ರಜೆಯ ದಿನ, ಅಮ್ಮ ಸೂಜಿಗೆ ದಾರ ಪೋಣಿಸಲಾಗದೆ ನನ್ನನ್ನು ಕರೆದಳು. ಪೋಣಿಸಿ ಕೊಡುತ್ತಾ ಹೇಳಿಬಿಟ್ಟೆ. ಕಿಟಕಿ, ಕಪಾಟು, ಮೇಕೆ, ಹೆದರುಪುಕ್ಕಲ ಎಂದದ್ದು, ಎಲ್ಲ.

ಅಮ್ಮ ಆ ಅಂಗಿಯ ಏಳೂ ಕಾಜಾ ಮುಗಿಸುವವರೆಗೆ ತಲೆಯೆತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, "ಇಷ್ಟು ವರ್ಷ ನನ್ನ ಪಕ್ಕದಲ್ಲೇ ಮಲಗಿದ್ದೀಯಲ್ಲೇ" ಎಂದಳು. ಅಷ್ಟೇ. ಹೊಡೆದಿದ್ದರೆ ಚೆನ್ನಾಗಿತ್ತು. ಮೂರನೆಯ ದಿನ ನಾನು ಕೆಲಸಕ್ಕೆ ಹೊರಟಾಗ ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಆ ಸಿನಿಮಾ ಇನ್ನೂ ಇದೆಯಾ?"

ಇತ್ತು. ಕೊನೆಯ ವಾರ, ಮಧ್ಯಾಹ್ನದ ಒಂದೇ ಆಟ. ಹಾಲಿನಲ್ಲಿ ಅಮ್ಮನನ್ನೂ ಸೇರಿಸಿ ಒಂಬತ್ತು ಜನ. ಟಿಕೆಟ್ ಮಾಮ ಅಮ್ಮನನ್ನು ಕೈಹಿಡಿದು ಕರೆದೊಯ್ದು ನಡುದಾರಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ತಾಯೀ, ನಿಮ್ಮ ಮಗಳು ನಾನು ಕಂಡ ಹಾಗೆ ಈ ಹಾಲಿನಲ್ಲಿ ಒಂದೇ ಸಲ ನಕ್ಕಿದ್ದು. ಅದೂ ತಪ್ಪು ಜಾಗದಲ್ಲಿ" ಎಂದರಂತೆ. ನಾನು ಪೊರಕೆ ಹಿಡಿದು ಹಿಂದೆ ನಿಂತಿದ್ದೆ. ಅಮ್ಮನ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು.

ಆಮೆ ಟೋಪಿ ಎತ್ತಿತು. ಮೇಕೆ ಬಂತು. ಯಾರೂ ನಗಲಿಲ್ಲ. ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು. ಹಾಗೇ ನಿಂತಿದ್ದಳು. ಹಿಂದಿನ ಸಾಲಿನವರು, "ಕೂತ್ಕೊಳಿ ಅಜ್ಜಿ, ಮಗು ನೋಡ್ಬೇಕು" ಎಂದರು. ಕೂರಲಿಲ್ಲ.

ಹೆಸರುಗಳು ಏರುವಾಗ ನಾನು ಹತ್ತಿರ ಹೋದೆ. "ಕೊಡೆ ನೋಡಿದೆಯಾ?" ಎಂದಳು. ದಿನಾ ನೋಡ್ತೀನಲ್ಲಮ್ಮ ಎಂದೆ. "ಏನು ನೋಡ್ತೀಯೋ. ಅದರ ಮೇಲಿನ ತೇಪೆ ನೋಡಿದೆಯಾ? ನೀಲಿ ಬಟ್ಟೆ, ಬಿಳಿ ಚುಕ್ಕೆ. ನಿನ್ನ ಹಳೇ ಫ್ರಾಕಿಂದು. ಅವತ್ತು ಬಿಳಿ ದಾರ ಮುಗಿದುಹೋಗಿ ಅರ್ಧ ಸುತ್ತು ಕಪ್ಪು ದಾರ ಹಾಕಿದ್ದೆ. ಅದೂ ಹಾಗೇ ಇದೆ. ಅದು ನಾನು ಹಾಕಿದ ತೇಪೆ."

ನೂರಾರು ಸಲ ನೋಡಿದ್ದೇನೆ, ಅಣ್ಣ. ಹಳೆಯ ಸಿನಿಮಾ ಹುಡುಕುತ್ತಿದ್ದ ನನ್ನ ಕಣ್ಣಿಗೆ ಅಮ್ಮನ ಕೊಡೆ ಬೀಳಲೇ ಇಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಅಮ್ಮ ಮತ್ತೆ ಕೂತಳು. ನಾನು ಅವಳ ಕಾಲ ಸುತ್ತ ಗುಡಿಸಿದೆ. ಕಾಲೆತ್ತಿ ಕೊಡುತ್ತಾ ಅಮ್ಮ ತನಗೆ ತಾನೇ ಎಂಬಂತೆ ಹೇಳಿದಳು: "ನಮ್ಮನೆಯಿಂದ ಇದೊಂದನ್ನ ಕಣ್ಣಲ್ಲೇ ಕದ್ಕೊಂಡು ಹೋಗಿದಾನೆ ನೋಡು."

ನಾಳೆ ಸಿನಿಮಾ ಬದಲಾಗುತ್ತದೆ. ಇನ್ನು ನಿನ್ನನ್ನು ದಿನಕ್ಕೊಂದು ಸಲ ನೋಡುವುದೂ ತಪ್ಪುತ್ತದೆ.

ತಂಗಿ


ನವೆಂಬರ್ 4

ಇಣುಕೀ,

ಈ ಹೆಸರನ್ನು ಬರೆದು ಎಷ್ಟು ವರ್ಷವಾಯಿತೋ. ಕಿಟಕಿಗೆ ನಿನ್ನ ಮೂಗಷ್ಟೇ ಎಟುಕುತ್ತಿತ್ತು.

ನಿನ್ನ ಮೂರೂ ಕಾಗದ ಜೇಬಿನಲ್ಲಿವೆ. ಒಗೆಯುವಾಗ ಮರೆತು ಒಂದು ನೆನೆದಿದೆ. ಓದಲು ಬರುತ್ತದೆ.

ತಂಗಿ ಇಲ್ಲ ಎಂದದ್ದು ತಾನಾಗಿ ಬಾಯಿಗೆ ಬಂತು. ಮನೆಯಲ್ಲಿ ಯಾರಿದ್ದಾರೆ ಎಂದು ಯಾರು ಕೇಳಿದರೂ ಯಾರೂ ಇಲ್ಲ ಎಂದು ಹೇಳಿ ಹೇಳಿ ರೂಢಿಯಾಗಿದೆ. ಹಾಗೆಂದರೆ ಜನ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಒಂದು ವಿಷಯ ನೀನು ತಪ್ಪು ತಿಳಿದಿದ್ದೀಯ. ಅವತ್ತು ಬೀದಿಯಲ್ಲಿ ನಿನ್ನ ಕಡೆ ನೋಡಿದ್ದು ಹೇಳು ಎಂದಲ್ಲ. ಸುಮ್ಮನಿರು ಎಂದು. ನೀನು ಬಾಯಿ ಬಿಟ್ಟಿದ್ದರೆ ನಿನಗೂ ಬೀಳುತ್ತಿತ್ತು. ನೀನು ತಲೆ ತಗ್ಗಿಸಿದಾಗ, ಸದ್ಯ, ಅರ್ಥವಾಯಿತು ಎಂದುಕೊಂಡೆ. ಆ ಪಿನ್ನು ಹಾಕಿದ್ದೂ ನಾನೇ.

ಮನೆ ಬಿಟ್ಟದ್ದು ನಿನ್ನ ಮೌನಕ್ಕಲ್ಲ. ಅಮ್ಮನ ಆ ಒಂದು ಮಾತಿಗೆ. ಹೊರಟ ಮೇಲೆ ಮೊದಲ ವರ್ಷ ಸಿಟ್ಟಿಗೆ ಬರೆಯಲಿಲ್ಲ, ಎರಡನೆಯ ವರ್ಷ ನಾಚಿಕೆಗೆ. ಆಮೇಲೆ ಕಾರಣವೇ ಬೇಕಾಗಲಿಲ್ಲ.

ನೀನು ಕೇಳಲಿಲ್ಲ, ಆದರೂ ಹೇಳಬೇಕು. ಆ ಕಡೆ ಯಾರಿದ್ದರೆಂದು ನನಗೆ ಗೊತ್ತಿಲ್ಲ. ಒಳಗೆ ಹೋದೆ, ಕಪಾಟಿನ ಈಚೆಗೆ ಬಂದೆ, ಮಾಸ್ತರ ಟೋಪಿಗೆ ಕೈ ಹಾಕಿದ. ಆಗ ನಿನಗೆ ಸನ್ನೆ ಮಾಡೋಣ ಎಂದು ಕಿಟಕಿಯತ್ತ ತಿರುಗಿದೆ. ಸರಳುಗಳ ನಡುವೆ ನಿನ್ನ ಅರ್ಧ ಮುಖ ಕಂಡಿತು. ಒಂದು ಕಣ್ಣು, ಮೂಗು, ಸರಳು ಹಿಡಿದ ಬೆರಳು. ಒಳಗಿನಿಂದ ನಮ್ಮನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾವು ಹೀಗೆ ಕಾಣುತ್ತೇವೆಯೇ ಎಂದು ನೋಡುತ್ತಾ ನಿಂತುಬಿಟ್ಟೆ. ಮತ್ತೆ ತಿರುಗುವಷ್ಟರಲ್ಲಿ ಕತ್ತಿನ ಪಟ್ಟಿಗೆ ಕೈ ಬಿದ್ದಿತ್ತು.

ಇಲ್ಲಿ ಎಲ್ಲರೂ ಸೇರಿ ಹಳೆಯ ಕಂತನ್ನು ಹಾಕಿಕೊಂಡು ನೋಡಿದ ದಿನ ನಾನು ಎದ್ದು ಹೋಗಿ ಹೊರಗಿನ ನಲ್ಲಿಯಲ್ಲಿ ಕುಂಚ ತೊಳೆದೆ. ನೀನೂ ನಲ್ಲಿ ತಿರುಗಿಸುತ್ತೀಯ ಎಂದು ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ಪತ್ರ ವಿಭಾಗದ ಅಕ್ಕ ಓಡಿ ಬಂದು, "ಹುಷಾರಾಗಿದ್ದೀಯೇನಪ್ಪಾ?" ಎಂದರು.

ಬರುತ್ತೇನೆ ಎಂದು ಬರೆಯಲು ಮೂರು ಸಲ ಕೂತೆ. ಆ ಸಾಲು ಬರುತ್ತಿಲ್ಲ. ಅಮ್ಮನ ಎದುರು ನಿಲ್ಲುವುದು ಹೇಗೆಂದು ಕೈಗೆ ಹೊಳೆಯುತ್ತಿಲ್ಲ. ಅದರ ಬದಲು ಒಂದು ಚಿತ್ರ ಇಟ್ಟಿದ್ದೇನೆ. ಅವತ್ತು ಒಳಗೆ ಹೋಗಿ ನಾನು ನೋಡಿಕೊಂಡು ಬಂದದ್ದು ಇಷ್ಟು.

ಅಣ್ಣ


ನವೆಂಬರ್ 15

ಅಣ್ಣಾ,

ಚಿತ್ರ ತಲುಪಿತು. ಮಡಿಕೆ ಬಿದ್ದ ಕಡೆ ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಹಗುರವಾಗಿ ಆಡಿಸಿ ನೇರ ಮಾಡಿದಳು. ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಹಾಕಿದ್ದೇವೆ. ಅದರ ಬಲಗಡೆ ಜಾಗ ಬಿಟ್ಟಿದ್ದೇವೆ. "ಒಂದೇ ಕಣ್ಣು ಬರೆದಿದಾನೆ" ಎಂದು ಅಮ್ಮ ದಿನಕ್ಕೊಮ್ಮೆ ಆಕ್ಷೇಪಣೆ ಮಾಡುತ್ತಾಳೆ. ನಾನು ಕೆಲಸದಿಂದ ಬರುವಷ್ಟರಲ್ಲಿ ಅದರ ಮುಂದೆ ನಿಂತಿರುತ್ತಾಳೆ.

ನಿನಗೆ ಏನಾದರೂ ಬರೆಯಬೇಕೇ ಎಂದು ಕೇಳಿದೆ. ಬಹಳ ಹೊತ್ತು ಗುಂಡಿಗಳನ್ನು ಡಬ್ಬಿಯಲ್ಲಿ ಆಡಿಸಿದಳು. "ಕೊಡೆ ಇನ್ನೂ ಇದೆ ಅಂತ ಬರಿ" ಎಂದಳು. ಆಮೇಲೆ, "ಒಂದು ಕಡ್ಡಿ ಮುರಿದಿದೆ. ಅದನ್ನೂ ಬರಿ, ಆಮೇಲೆ ಹೇಳಲಿಲ್ಲ ಅನ್ನೋದು ಬೇಡ."

ಎರಡನೆಯ ಹಾಲಿಗೆ ಈಗ ಯುದ್ಧದ ಸಿನಿಮಾ ಬಂದಿದೆ. ಕೊನೆಯ ಇಪ್ಪತ್ತು ನಿಮಿಷ ಬರೀ ಹೊಗೆ. ಟಿಕೆಟ್ ಮಾಮನಿಗೆ ನಿನ್ನ ವಿಷಯ ಹೇಳಿದ್ದೇನೆ. ಸ್ಟೇಷನ್ ಮಾಸ್ತರ ಟೋಪಿ ಎತ್ತುತ್ತಿದ್ದದ್ದು ಯಾರಿಗೆಂದು ಅವರು ಈಗ ನನಗೆ ಹೇಳಲು ಬರುವುದಿಲ್ಲ. ಬೇರೆ ಯಾರಾದರೂ ಹೇಳಲು ಹೊರಟರೆ ಗಟ್ಟಿಯಾಗಿ ಕೆಮ್ಮುತ್ತಾರೆ.

ನೀನು ಬರುವ ಸಾಲನ್ನು ಅವಸರದಲ್ಲಿ ಬರೆಯಬೇಡ. ನಿಧಾನವಾಗಿಯೇ ಬರಲಿ. ಹನ್ನೆರಡು ದೃಶ್ಯಗಳ ಆ ಪಟ್ಟಿ ನನ್ನ ತಲೆದಿಂಬಿನ ಕೆಳಗಿದೆ. ಏಳನೆಯ ಸಾಲಿನ ಮೇಲೆ ಅಂಟಿಸಿದ ಚೂರಿನ ಒಂದು ಮೂಲೆ ಈಚೆಗೆ ಎದ್ದುಕೊಂಡಿತ್ತು. ಅನ್ನದ ಅಗುಳು ಹಚ್ಚಿ ಮತ್ತೆ ಒತ್ತಿದ್ದೇನೆ. ಅದನ್ನು ನಾನು ಒಬ್ಬಳೇ ಕೀಳುವುದಿಲ್ಲ.

ನಿನ್ನ ತಂಗಿ,
ಇಣುಕಿ